ಕಂತಿನ ಸಂದರ್ಶನ: ‘ನಾನು ಹಿಗ್ಗಲ್ಲ, ಕುಗ್ಗಲ್ಲ’

ಶೇ 9ರ ಬಡ್ಡಿಗೆ 20 ವರ್ಷಕ್ಕೆ ತೆಗೆದ 30 ಲಕ್ಷದ ಗೃಹಸಾಲವೊಂದರ ಇಎಂಐ ಇವರು. ಮೈತೂಕ 26,992 ರೂಪಾಯಿ. ಸಂಬಳ ಜಮೆಯಾದ ಮೆಸೇಜಿನ ಬೆನ್ನಿಗೇ ಬಂದವರನ್ನು ಪಾಸ್‌ಬುಕ್ಕಿನ ಅಂಚಿನಲ್ಲಿ ಅಡ್ಡಹಾಕಿ ಮಾತಾಡಿಸಿದೆವು.

ತಿಂಗಳು ತಿಂಗಳೂ ಅದೇ ಮೈಕಟ್ಟು! ಗುಟ್ಟೇನು ಸ್ವಾಮಿ?

ಹೊರಗೆ ಮಾತ್ರ ಅದೇ. ಒಳಗೆ ಬಡ್ಡಿ, ಅಸಲು ಅಂತ ಇಬ್ಬರಿದ್ದಾರೆ. ಮೊದಲ ತಿಂಗಳು ಬಡ್ಡಿ 22,500 ತಿಂದು ತೇಗಿತು. ಅಸಲಿಗೆ ಸಿಕ್ಕಿದ್ದು 4,492.

ಹಗಲುದರೋಡೆ ಅಲ್ಲವೇ?

ಗುಣಾಕಾರ ಅನ್ನಿ. ಬಾಕಿ ಇರುವ 30 ಲಕ್ಷಕ್ಕೆ ತಿಂಗಳಿಗೆ ಮುಕ್ಕಾಲು ಪರ್ಸೆಂಟ್ ಹಾಕಿ ನೋಡಿ. ಮುಂದಿನ ತಿಂಗಳು ಬಾಕಿ 4,492 ಕಮ್ಮಿ, ಹಾಗಾಗಿ ಬಡ್ಡಿ 34 ರೂಪಾಯಿ ಕಮ್ಮಿ. ಆ 34 ಅಸಲಿನ ಪಾಲಿಗೆ.

ಅಂತೂ ಹತ್ತು ವರ್ಷಕ್ಕೆ ಅರ್ಧ ಸಾಲ ತೀರುತ್ತದೆ.

(ನಗು) ಗೃಹಪ್ರವೇಶದ ದಿನ ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಹತ್ತು ವರ್ಷಕ್ಕೆ ಇನ್ನೂ 21 ಲಕ್ಷ ಚಿಲ್ಲರೆ ಬಾಕಿ. ಅರ್ಧ ತೀರಲು 14 ವರ್ಷ ಬೇಕು. ಮರುಪಾವತಿ ಪಟ್ಟಿಯಲ್ಲಿ ಇದೆಲ್ಲ ಇದ್ದೇ ಇರುತ್ತದೆ. ಆದರೆ ಅದನ್ನು ಓದಿದವರಿಗಿಂತ ಟೈಲ್ಸ್ ಕ್ಯಾಟಲಾಗ್ ಓದಿದವರೇ ಜಾಸ್ತಿ.

2022ರ ಮೇ ತಿಂಗಳಿಂದ ಒಂದು ವರ್ಷದೊಳಗೆ ರೆಪೊ ದರ, ಅಂದರೆ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಸಾಲ ಕೊಡುವ ದರ, ಶೇ 4ರಿಂದ 6.5ಕ್ಕೆ ಏರಿತು; ಗೃಹಸಾಲದ ಬಡ್ಡಿಯೂ ಬೆನ್ನಿಗೇ ಏರಿತು. ಆಗಲೂ ನೀವು ಅಲುಗಲಿಲ್ಲವಂತೆ?

ಅನೇಕ ಕಡೆ ಬ್ಯಾಂಕಿನವರು ನಮ್ಮವರನ್ನು ಮುಟ್ಟಲಿಲ್ಲ, ಸಾಲದ ಅವಧಿ ಎಳೆದರು. ಸಾಲಗಾರರಿಗೆ ಖುಷಿ, ಕಂತು ಏರಲಿಲ್ಲವಲ್ಲ! ನಿವೃತ್ತಿಯ ನಂತರವೂ ನಾವು ಬರುತ್ತೇವೆಂದು ಗೊತ್ತಾಗುವುದು ನಿಧಾನವಾಗಿ. ಸಾಲ ಹೊಸದಿರುವಾಗಲೇ ಅದರ ಬಡ್ಡಿದರ ಶೇ 11ಕ್ಕೆ ಹೋಯಿತು ಅನ್ನಿ, ತಿಂಗಳ ಬಡ್ಡಿಯೇ 27,500. ನನ್ನನ್ನು ಪೂರ್ತಿ ಕಟ್ಟಿದರೂ ಸಾಲ ಬೆಳೆಯುತ್ತದೆ! ಕಂತು ಏರಿಸಬೇಕೋ ಅವಧಿಯೋ ಅಂತ ಸಾಲಗಾರರನ್ನೇ ಕೇಳಿ ಎಂದು 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಹೇಳಬೇಕಾಯಿತು.

ನಿಮಗೆ ಯಾರ ಭಯ?

ದೀಪಾವಳಿ ಬೋನಸ್ಸಿನದು. ವರ್ಷಕ್ಕೊಮ್ಮೆ ನನ್ನಷ್ಟೇ ದುಡ್ಡು ಹೆಚ್ಚುವರಿಯಾಗಿ ಅಸಲಿಗೆ ಕಟ್ಟಿದರೆ ಸುಮಾರು ಮೂರೂವರೆ ವರ್ಷ ಮೊದಲೇ ನನ್ನ ನೌಕರಿ ಹೋಗುತ್ತದೆ. ಬದಲಾಗುವ ಬಡ್ಡಿದರದ ಗೃಹಸಾಲವಾದರೆ ಅದಕ್ಕೆ ದಂಡ ಹಾಕುವಂತೆಯೂ ಇಲ್ಲ. ಪುಣ್ಯಕ್ಕೆ, ಬೋನಸ್ ಬಂದಾಗ ಜನರಿಗೆ ದೊಡ್ಡ ಟಿವಿ ನೆನಪಾಗುತ್ತದೆ.

ಕೊನೆಯ ಕಂತಿನಲ್ಲಿ ಬಡ್ಡಿ ಎಷ್ಟು?

201 ರೂಪಾಯಿ. ಅಷ್ಟರಲ್ಲಿ 34.78 ಲಕ್ಷ ತಿಂದಾಗಿರುತ್ತದೆ, ಇನ್ನೆಲ್ಲಿಯ ಹಸಿವು?

ಆಮೇಲೆ?

ಮನೆಪತ್ರ ಕೇಳಿ ತನ್ನಿ. 30 ದಿನದೊಳಗೆ ಕೊಡಬೇಕು. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಆರು ದಿನ ತಡಮಾಡಿದರು ಅನ್ನಿ, ನನಗಿಂತ ದಪ್ಪದ ಕಂತು ನಿಮಗೇ ಬರುತ್ತದೆ.