ಪಟ್ಟಿ ಬರ್ತದೆ, ಕಾಣೂದಿಲ್ಲ

ಕಾರವಾರ, ಅಂಕೋಲೆಗಳಲ್ಲಿ ಈಗ ಮನೆ ಕಟ್ಟಿದವರ ಅಂತಸ್ತು ಗೊತ್ತಾಗುವುದು ತಲೆಬಾಗಿಲಿನಿಂದಲ್ಲ, ಮಲಗುವ ಕೋಣೆಯ ಕಪಾಟಿನಿಂದ. ಅದಕ್ಕೆ ಮಡಚುವ ಬಾಗಿಲೇ ಆಗಬೇಕು. ಬೆಂಗಳೂರಿನ ಮಗ ವಿಡಿಯೋ ಕಳಿಸಿರುತ್ತಾನೆ. ಅದರಲ್ಲೊಬ್ಬ ಅಮೆರಿಕದವ ಕಾಫಿ ಆರುವುದರೊಳಗೆ ಚೌಕಟ್ಟು ಕೂರಿಸಿ, ಸುತ್ತ ಪಟ್ಟಿ ಬಡಿದು, ಒಂದೇ ಬೆರಳಲ್ಲಿ ಬಾಗಿಲು ತಳ್ಳಿ ನಗುತ್ತಾನೆ. ಅವನ ಊರಿಗೆ ನಮ್ಮ ಆಷಾಢ ಬರುವುದಿಲ್ಲ ಎಂದು ಯಾರೂ ಹೇಳುವುದಿಲ್ಲ.

ಈ ಬಾಗಿಲಿಗೆ ಬಿಜಾಗರಿಯೊಂದೇ ಸಾಲದು. ಮೇಲೆ ಹಳಿ, ಹಳಿಯಲ್ಲಿ ಚಕ್ರ. ಚೌಕಟ್ಟಿನ ಮೇಲಡ್ಡ ರಸಮಟ್ಟಕ್ಕೆ ಸರಿಯಿರಬೇಕು, ನಿಲುವುಗಳು ತೂಗುಗುಂಡಿಗೆ ನೆಟ್ಟಗಿರಬೇಕು. ಅರ್ಧ ಸೆಂಟಿಮೀಟರ್ ಓರೆಯಾದರೂ ಎರಡು ಬಾಗಿಲು ಮೇಲೆ ಮುತ್ತಿಕ್ಕಿ ಕೆಳಗೆ ಮುನಿಸಿಕೊಳ್ಳುತ್ತವೆ. ನಮ್ಮದೋ ಚಿರೇಕಲ್ಲಿನ ಗೋಡೆ. ಗಿಲಾವು ಮೇಲೊಂದು ದಪ್ಪ, ಕೆಳಗೊಂದು ದಪ್ಪ.

"ಆಚಾರ್ರೇ, ಇಲ್ಲಿ ಬೆರಳು ಹೋಗ್ತದಲ್ಲ?"

"ಅದಕ್ಕೆ ಪಟ್ಟಿ ಬರ್ತದ್ರಾ. ಕಾಣೂದಿಲ್ಲ."

ಬಂತು. ಸಾಗವಾನಿ ಪಟ್ಟಿ, ಅಂಚಿಗೆ ಕೆತ್ತನೆ, ಮೇಲೆ ಮೂರು ಕೈ ಪಾಲಿಶ್. ಒಳಗಿನ ಚೌಕಟ್ಟು ಮಾತ್ರ ಯಾವುದೋ ಪೆಟ್ಟಿಗೆ ಒಡೆದ ಹಲಗೆಯದು. ಅದನ್ನು ಯಾರು ನೋಡುತ್ತಾರೆ? ಸರ್ಕಾರಿ ಕಾಮಗಾರಿ ನೋಡಿ ಬೆಳೆದವರು ನಾವು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ನೀರಿಗೆ ಬೀಳುವ ತನಕ ಅದರ ಒಳಗೇನಿದೆ ಎಂದು ಕೇಳಿದವರೆಷ್ಟು ಮಂದಿ?

ಜೂನ್ ಬಂತು. ವರ್ಷದ 3000 ಮಿಲಿಮೀಟರ್ ಆಸುಪಾಸಿನ ಮಳೆಯಲ್ಲಿ ಹೆಚ್ಚಿನದು ಸುರಿಯುವುದು ನಾಲ್ಕೇ ತಿಂಗಳಲ್ಲಿ. ಮರ ಉದ್ದಕ್ಕೆ ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಹಿಂದಿನ ಆಚಾರ್ರಿಗೆ ಇದು ಗೊತ್ತಿತ್ತು; ನಡುವಿನ ಹಲಗೆಗೆ ಮೊಳೆ ಹೊಡೆಯದೆ, ಕೊರೆದ ಸಾಲಿನಲ್ಲಿ ಸಡಿಲವಾಗಿ ಕೂರಿಸಿ ಉಬ್ಬಲು ಜಾಗ ಬಿಡುತ್ತಿದ್ದರು. ಪೇಟೆಯ ಹಳೇ ಅಂಗಡಿಗಳ ಹಲಗೆ ಬಾಗಿಲಂತೂ ಇನ್ನೂ ಸಲೀಸು: ನಂಬರ್ ನೋಡಿ ಒಂದೊಂದೇ ತೆಗೆ, ಮೂಲೆಗಿಡು. ಹಳಿಯಿಲ್ಲ, ಚಕ್ರವಿಲ್ಲ, ವಿಡಿಯೋವೂ ಇಲ್ಲ. ಈಗಿನದು ಎಂಡಿಎಫ್. ಮರದ ಹುಡಿಗೆ ಅಂಟು ಹಾಕಿ ಒತ್ತಿದ್ದು, ನೀರು ಕುಡಿದರೆ ಹಪ್ಪಳ.

ಆಷಾಢದ ಹೊತ್ತಿಗೆ ಬಾಗಿಲು ಅರ್ಧ ಮಡಚಿ ನಿಂತುಬಿಟ್ಟಿತು. ಒಳಗೆ ಮದುವೆಯ ರೇಷ್ಮೆ ಸೀರೆಗೆ ಬೂಷ್ಟು. ಕೊನೆಗೆ ಬಾಗಿಲು ಕಿತ್ತು ಅಟ್ಟಕ್ಕೆ ಹಾಕಿ, ಹಳಿಗೆ ಹಗ್ಗ ಕಟ್ಟಿ ಒದ್ದೆ ಬನಿಯನ್ನು ಒಣಹಾಕಿದರು. ಬಾಕಿ ದುಡ್ಡಿಗೆ ಬಂದ ಆಚಾರ್ರು ಕೆತ್ತನೆಯ ಮೇಲೆ ಕೈಯಾಡಿಸಿ, "ಪಟ್ಟಿ ಒಂಚೂರೂ ಅಲ್ಲಾಡ್ಲಿಲ್ಲ, ನೋಡಿ" ಎಂದರು.