ಹತ್ತು ಸೆಕೆಂಡಿನ ಸಂಗೀತ

"ಅಣ್ಣಾ, ಬೀಟ್ ಮಾಡೋಕೆ ಯಾವ ಮಷೀನ್ ತಗೊಳ್ಲಿ?"

"ಇ-ಮ್ಯು ಎಸ್‌ಪಿ-1200. 1987ರದು. 12 ಬಿಟ್. ಆ ಒರಟುತನ ಈಗಿನವಕ್ಕೆ ಎಲ್ಲಿಂದ ಬರ್ಬೇಕು!"

"ಎಷ್ಟು ಹೊತ್ತಿನ ಸ್ಯಾಂಪಲ್ ಹಿಡಿಯುತ್ತೆ?"

"ಒಟ್ಟು 10 ಸೆಕೆಂಡು."

"ನಮ್ಮಜ್ಜಿ ಅದಕ್ಕಿಂತ ಹೆಚ್ಚು ಹೊತ್ತು ಕೆಮ್ತಾರೆ!"

"ಅದಕ್ಕೇ ಆಗಿನವರು 33ರ ರೆಕಾರ್ಡನ್ನ 45ರ ವೇಗದಲ್ಲಿ ಓಡಿಸಿ ತುಂಬ್ಕೊಳ್ತಿದ್ರು. ಆಮೇಲೆ ಮಷೀನಲ್ಲೇ ನಿಧಾನ ಮಾಡೋದು. ಜಾಗ ಉಳೀತು, ದನಿ ಇನ್ನೂ ಒರಟಾಯ್ತು."

"ಹಂಗಾದ್ರೆ ರೋಲ್ಯಾಂಡ್ 808?"

"ಅದು ಸ್ಯಾಂಪ್ಲರೇ ಅಲ್ಲ ಕಣೋ! ದನೀನ ಸರ್ಕ್ಯೂಟೇ ಹುಟ್ಟಿಸುತ್ತೆ. ಅಜ್ಜಿ ಕೆಮ್ಮಿಗೆ ಅಕಾಯ್ ಎಂಪಿಸಿ60 ಸರಿ. ರೋಜರ್ ಲಿನ್ ರೂಪಿಸಿದ್ದು, 16 ಪ್ಯಾಡು, ಆಮೇಲೆ ಅದರ ಸ್ವಿಂಗು..."

(ಸ್ವಿಂಗಿನ ಉಪನ್ಯಾಸವನ್ನು ಓದುಗರ ಹಿತದೃಷ್ಟಿಯಿಂದ ಕೈಬಿಡಲಾಗಿದೆ.)

"ನಿಮ್ಮತ್ರ ಮೂರೂ ಇದೆಯಲ್ಲ, ನೀವು ಮಾಡಿದ ಒಂದು ಹಾಡು ಕೇಳಿಸಿ."

"ಹಾಡಾ? ಕೇಬಲ್ ಇನ್ನೂ ಬಂದಿಲ್ಲಪ್ಪಾ."