ಆಗತ್ತೆ ಬಿಡಿ ರಾಯರು

ನೀವು ಯಾವ ಊರಿನವರೇ ಆಗಿರಿ, ಇವರನ್ನು ನೋಡಿಯೇ ಇರುತ್ತೀರಿ. ಗಣೇಶನ ಪೆಂಡಾಲಿನಲ್ಲಿ ಮೈಕು ಕೈಕೊಟ್ಟಾಗ ಅದರ ತಲೆಗೆ ಮೊಟಕುತ್ತ "ಹಲೋ, ಹಲೋ" ಎನ್ನುವವರು ಇವರೇ. ಮುನ್ನೂರು ಎಲೆ ಹಾಕಿಸಿ ಇನ್ನೂರು ಜನಕ್ಕಾಗುವಷ್ಟು ಹುಳಿ ಮಾಡಿಸಿ, ಕೊನೇ ಪಂಕ್ತಿಗೆ ಬಿಸಿನೀರು ಬೆರೆಸಿ ಎಂದು ಅಡುಗೆಭಟ್ಟರ ಕಿವಿಯಲ್ಲಿ ಉಸುರಿದವರೂ ಇವರೇ. ನಮ್ಮ ಪಾಲಿಗೆ ಬಂದವರು ಡೆಟ್ರಾಯಿಟ್ ಪಕ್ಕದ ಬಡಾವಣೆಯಲ್ಲಿ ಮೂವತ್ತು ಚಳಿಗಾಲ ಕಳೆದಿರುವ ರಾಯರು. ಹೆಸರು ಬೇಡ. "ಆಗತ್ತೆ ಬಿಡಿ ರಾಯರು" ಅಂದರೆ ಇಲ್ಲಿನ ಕನ್ನಡಿಗರಲ್ಲಿ ನಗದವರಿಲ್ಲ, ಅವರಿಂದ ಉಪಕಾರ ಪಡೆಯದವರೂ ಇಲ್ಲ.

ಆ ಮಾತಿನ ವ್ಯಾಕರಣವನ್ನು ಸ್ವಲ್ಪ ಗಮನಿಸಬೇಕು. ರಾಯರು "ಮಾಡ್ತೀನಿ" ಅನ್ನುವುದಿಲ್ಲ, "ಮಾಡಿಸ್ತೀನಿ" ಅಂತಲೂ ಅನ್ನುವುದಿಲ್ಲ. "ಆಗತ್ತೆ" ಅನ್ನುತ್ತಾರೆ. ಮಳೆ ಆಗತ್ತೆ, ಬೆಳೆ ಆಗತ್ತೆ, ಹಾಗೆಯೇ ಕುರ್ಚಿಗಳ ವ್ಯವಸ್ಥೆಯೂ ಆಗತ್ತೆ. ಕೆಲಸ ಇದೆ, ಕರ್ತೃ ಇಲ್ಲ. ಅದರ ಬಾಲಕ್ಕೆ ಒಂದು "ಬಿಡಿ" ಸೇರಿಸಿದರೆ, ಕೇಳಿದವನೇ ಏನನ್ನೋ ಹಿಡಿದುಕೊಂಡು ಕೂತ ಹಟಮಾರಿಯಾಗಿಬಿಡುತ್ತಾನೆ.

ಹೋದ ವರ್ಷ ನವೆಂಬರಿನ ಒಂದು ಸಂಜೆ ಅವರ ಮನೆಯ ನೆಲಮಾಳಿಗೆಯಲ್ಲಿ ಸಭೆ ಸೇರಿದ್ದೆವು. ಚುರುಮುರಿ ಮುಗಿದು ಕಾಫಿ ಬರುವ ಹೊತ್ತಿಗೆ ರಾಯರು ಎದ್ದು ನಿಂತರು.

"ಸಂಕ್ರಾಂತಿಗೆ ಓಟ ಇಡೋಣ. ಐದು ಕಿಲೋಮೀಟರ್. ರಸ್ತೆ ಓಟ."

"ರಾಯರೇ, ಜನವರೀಲಿ?"

"ಉತ್ತರಾಯಣ ಸ್ವಾಮಿ! ಸೂರ್ಯನೇ ಹೊರಡ್ತಾನೆ. ನಮಗೇನು ದಾಡಿ?"

ಸೂರ್ಯನ ವಿಷಯ ಎತ್ತಬಾರದಿತ್ತು. ಈ ಊರು ತನ್ನ ಕಾಲವಲಯದ ಪಶ್ಚಿಮದ ಅಂಚಿಗೆ ಅಂಟಿಕೊಂಡಿರುವುದರಿಂದ ಜನವರಿ ಮಧ್ಯದಲ್ಲಿ ಸೂರ್ಯ ಮುಖ ತೋರಿಸುವುದೇ ಬೆಳಗ್ಗೆ ಎಂಟಕ್ಕೆ. ರಾಯರು ಓಟ ಇಟ್ಟದ್ದೂ ಎಂಟಕ್ಕೆ. ಹಿಮ ಬಿದ್ದರೆ ಎಂದೆ. ಆಗತ್ತೆ ಬಿಡಿ ಎಂದರು. ಹಿಮ ಬೀಳುವುದು ಆಗತ್ತೋ, ಓಟ ಆಗತ್ತೋ ಎಂದು ಕೇಳುವಷ್ಟರಲ್ಲಿ ಬಫಲೋ ಕಥೆ ಶುರುವಾಗಿತ್ತು. ಥ್ಯಾಂಕ್ಸ್‌ಗಿವಿಂಗ್ ದಿನ ಬಫಲೋ ನಗರದಲ್ಲಿ ನಡೆಯುವ ಟರ್ಕಿ ಟ್ರಾಟ್ 1896ರಲ್ಲಿ ಶುರುವಾದದ್ದು, ಬಾಸ್ಟನ್ ಮ್ಯಾರಥಾನ್‌ಗಿಂತ ಐದು ತಿಂಗಳು ಹಿರಿಯದು. ಮೊದಲ ಸಲ ಓಡಿದವರು ಆರೇ ಜನ, ಈಗ ಹತ್ತು ಸಾವಿರಕ್ಕೂ ಹೆಚ್ಚು. ಇದು ರಾಯರ ಪಾಲಿಗೆ ಪುರಾಣ. ನಮ್ಮ ಓಟಕ್ಕೆ ಅರವತ್ತೊಂದು ಜನ ಹೆಸರು ಕೊಟ್ಟಾಗ, "ಬಫಲೋದವರಿಗಿಂತ ಹತ್ತು ಪಟ್ಟು ಮುಂದಿದೀವಿ!" ಎಂದು ನಡುರಾತ್ರಿ ಫೋನ್ ಮಾಡಿದ್ದರು.

ಓಟದ ದಾರಿಯನ್ನು ಅಳೆಯುವುದಕ್ಕೂ ಒಂದು ಶಾಸ್ತ್ರವಿದೆ. ಸೈಕಲ್ಲಿನ ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಪುಟ್ಟ ಎಣಿಕೆಯಂತ್ರ ಸಿಕ್ಕಿಸಿ, ಮೊದಲು ಉಕ್ಕಿನ ಟೇಪಿನಲ್ಲಿ ಅಳೆದ ದೂರವನ್ನು ತುಳಿದು ತಾಳೆ ನೋಡಿಕೊಂಡು, ಆಮೇಲೆ ತಿರುವುಗಳಲ್ಲಿ ಅತಿ ಹತ್ತಿರದ ಗೆರೆ ಹಿಡಿದು ಸಾಗಬೇಕು. ದಾರಿ ಎಲ್ಲೂ ಕಮ್ಮಿ ಬೀಳದಿರಲೆಂದು ಸಾವಿರಕ್ಕೊಂದರಂತೆ ಹೆಚ್ಚುವರಿ ಸೇರಿಸುವುದು ಪದ್ಧತಿ. ಐದು ಕಿಲೋಮೀಟರಿಗೆ ಐದು ಮೀಟರು, ಅಷ್ಟೆ. ರಾಯರು ದೂರ ಅಳೆದದ್ದು ಹಾಲು ತರಲು ಹೋದಾಗ, ಕಾರಿನ ಮೀಟರಿನಲ್ಲಿ. ಆ ಐದು ಮೀಟರು ಕೊನೆಗೆ ಸಾವಿರದ ನಾನೂರಾಯಿತು. ಪೂರ್ತಿ ಕಾರಿನ ತಪ್ಪಲ್ಲ, ಅದನ್ನೇ ಹೇಳಲು ಹೊರಟಿದ್ದೇನೆ.

ದಾರಿ ತೋರಿಸಲು ರಸ್ತೆಯ ಮೇಲೆ ಬಾಣದ ಗುರುತು ಬೇಕಲ್ಲ? ಬಣ್ಣ ಬಳಿಯಲು ಊರಿನ ಆಡಳಿತದ ಅಪ್ಪಣೆ ಬೇಕು. ಅಪ್ಪಣೆ ಕೇಳಲು ಅರ್ಜಿ ಬೇಕು. ಅರ್ಜಿಯ ಗಡುವು ಡಿಸೆಂಬರಿನಲ್ಲೇ ಮುಗಿದಿತ್ತು. ಆಗ ರಾಯರಿಗೆ ಹೊಳೆದದ್ದು ರಂಗೋಲಿ. ಹಬ್ಬಕ್ಕೆ ಹಬ್ಬವೂ ಆಯಿತು, ತೊಳೆದರೆ ಹೋಗುತ್ತದೆ, ಯಾರೂ ಕೇಸು ಹಾಕುವಂತಿಲ್ಲ. ಶನಿವಾರ ಸಂಜೆ ಇಬ್ಬರು ಹುಡುಗರನ್ನು ಕಟ್ಟಿಕೊಂಡು ಐದು ಕಿಲೋಮೀಟರ್ ಉದ್ದಕ್ಕೂ, ತಿರುವು ತಿರುವಿನಲ್ಲಿ, ಮಂಡಿಯೂರಿ ಕೂತು ರಂಗೋಲಿ ಪುಡಿಯಲ್ಲಿ ಬಾಣ ಬಿಡಿಸಿದರು. ಒಂದೆರಡು ಕಡೆ ಬಾಣದ ಸುತ್ತ ಬಳ್ಳಿಯೂ ಇತ್ತಂತೆ.

ಅಪ್ಪಟ ಬಿಳಿ ರಂಗೋಲಿ.

ರಾತ್ರಿ ಆರಿಂಚು ಹಿಮ ಬಿತ್ತು. ನಸುಕಿನಲ್ಲಿ ಹಿಮ ಗೋರುವ ಲಾರಿ ಬಂದು ಹಿಮ, ರಂಗೋಲಿ, ಬಳ್ಳಿ ಎಲ್ಲವನ್ನೂ ಒಟ್ಟಿಗೆ ಬಳಿದು ರಸ್ತೆ ಬದಿಗೆ ಗುಡ್ಡೆ ಹಾಕಿ ಹೋಯಿತು. ಅದು ಹೋದ ಮೇಲೆ ಮತ್ತೊಂದು ತೆಳು ಪದರ ಉದುರಿತು. ಐದೂವರೆಗೆ ಎದ್ದು ಕಿಟಕಿಯಲ್ಲಿ ನೋಡಿದ ರಾಯರ ಬಾಯಿಂದ ಅಂದು ಒಂದೇ ಒಂದು ದಿನ "ಆಗತ್ತೆ" ಹೊರಡಲಿಲ್ಲವೆಂದು ಅತ್ತಿಗೆಯೇ ಆಮೇಲೆ ಹೇಳಿದರು. ರಾಯರ ಹೆಂಡತಿಯನ್ನು ನಾವೆಲ್ಲ ಅತ್ತಿಗೆ ಎನ್ನುತ್ತೇವೆ. ರಾಯರಿಗೆ ಏನಾದರೂ "ಆಗಿದ್ದರೆ" ಅದನ್ನು ಮಾಡಿದವರು ಅವರು. ಅಡುಗೆಮನೆಯಲ್ಲಿದ್ದ ಅರಿಶಿನದ ಪೊಟ್ಟಣಗಳನ್ನೆಲ್ಲ ಎತ್ತಿಕೊಂಡು, ನೈಟಿಯ ಮೇಲೆ ಗಂಡನ ಜಾಕೆಟ್ ಏರಿಸಿ, ಕಾರಿನಿಂದ ಇಳಿದು ಹತ್ತಿ ಇಳಿದು ಹತ್ತಿ, ಪ್ರತಿ ತಿರುವಿನಲ್ಲೂ ಹಿಮದ ಮೇಲೆ ಅರಿಶಿನ ಚೆಲ್ಲಿ ಬಂದರು. ಬಾಣದ ಆಕಾರಕ್ಕೆಲ್ಲ ಪುರುಸೊತ್ತಿರಲಿಲ್ಲ. ಎಡಕ್ಕೆ ಹೋಗಬೇಕಾದಲ್ಲಿ ರಸ್ತೆಯ ಎಡಕ್ಕೆ ಒಂದು ಹಿಡಿ, ಬಲಕ್ಕಾದರೆ ಬಲಕ್ಕೆ.

ಇನ್ನು ಈ ದೇಶದ ಒಂದು ಸಂಗತಿ ಹೇಳಬೇಕು. ಇಲ್ಲಿ ಮಕ್ಕಳು ಹಿಮದಲ್ಲಿ ಆಡಲು ಹೊರಟರೆ ತಾಯಂದಿರು ಹೇಳುವ ಮೊದಲ ಬುದ್ಧಿಮಾತು: ಹಳದಿ ಹಿಮ ಮುಟ್ಟಬೇಡ. ನಾಯಿಗಳ ಕೆಲಸ ಅದು.

ಎಂಟಕ್ಕೆ ಹೊರಡಬೇಕಾದ ಓಟ ಎಂಟೂ ಮುಕ್ಕಾಲಿಗೆ ಹೊರಟಿತು. ನಂಬರ್ ಚೀಟಿ ಇತ್ತು, ಸೇಫ್ಟಿ ಪಿನ್ನು ಇರಲಿಲ್ಲ. ಸೀರೆಯುಟ್ಟು ಬಂದ ಹೆಂಗಸರ ಸೆರಗಿನಿಂದ ಕೆಲವು ಬಂದವು. ಸೊನ್ನೆಗಿಂತ 13 ಡಿಗ್ರಿ ಕೆಳಗಿನ ಚಳಿಯಲ್ಲಿ ಮರಗಟ್ಟಿದ ಬೆರಳಿನಿಂದ ಪಿನ್ನು ಚುಚ್ಚಿಕೊಂಡವರಿಗೆ ಎದೆಗೆ ಚುಚ್ಚಿತೋ ಅಂಗಿಗೆ ಚುಚ್ಚಿತೋ ಗೊತ್ತಾಗುತ್ತಿರಲಿಲ್ಲ. ಕಾರು ಕಂಪನಿಯ ಎಂಜಿನಿಯರ್ ಗೆಳೆಯರೊಬ್ಬರು ಬೂಟಿನ ಅಟ್ಟೆಗೆ ಪುಟಾಣಿ ತಿರುಪು ಮೊಳೆ ಕೂರಿಸಿಕೊಂಡು ಬಂದಿದ್ದರು. ಮಂಜುಗಡ್ಡೆಯ ಮೇಲೆ ಹಿಡಿತಕ್ಕೆ ಅದು ಇಲ್ಲಿನ ಓಟಗಾರರ ಹಳೆಯ ಉಪಾಯ. ನಾನು ಅದೇ ಉದ್ದೇಶಕ್ಕೆ ದುಬಾರಿ ಮುಳ್ಳುಪಟ್ಟಿ ಕೊಂಡು, ಅದನ್ನು ಜೋಪಾನವಾಗಿ ಕಾರಿನ ಡಿಕ್ಕಿಯಲ್ಲಿ ಬಿಟ್ಟು, ಮೈಸೂರಿನ ಮಂಕಿ ಟೋಪಿಯೊಂದನ್ನೇ ನಂಬಿ ಗೆರೆಯ ಹಿಂದೆ ನಿಂತಿದ್ದೆ.

ಮೊದಲ ಕಿಲೋಮೀಟರು ಚೆನ್ನಾಗಿಯೇ ಇತ್ತು. ಮೊದಲ ತಿರುವು ಬಂತು. ಅಲ್ಲಿ ನಿಂತು ಕೈ ತೋರಿಸಬೇಕಾಗಿದ್ದ ಸ್ವಯಂಸೇವಕ, ರಾಯರ ಅಣ್ಣನ ಮಗ, ಕಾರಿನೊಳಗೆ ಹೀಟರ್ ಹಾಕಿಕೊಂಡು ಫೋನು ನೋಡುತ್ತಿದ್ದ. ಎಡಕ್ಕೆ ಹಿಮದ ಮೇಲೆ ಹಳದಿ ಕಲೆ. ಮುಂದಿದ್ದವರು ಇಲ್ಲೇ ಹುಟ್ಟಿ ಬೆಳೆದ ಹುಡುಗರು, ಮತ್ತೆ ನಮ್ಮ ಆಫೀಸುಗಳ ಬಿಳಿಯರು. ಹಳದಿ ಕಂಡದ್ದೇ ಅಸಹ್ಯಪಟ್ಟು ಬಲಕ್ಕೆ ಸರಿದರು, ಸರಿದವರು ಬಲಕ್ಕೇ ಹೋದರು. ಮಿಕ್ಕವರೆಲ್ಲ ತಲೆ ತಗ್ಗಿಸಿ ಮುಂದಿನವರ ಹಿಮ್ಮಡಿ ನೋಡಿಕೊಂಡು ಹಿಂಬಾಲಿಸಿದೆವು. ನನಗೂ ಆ ಹಳದಿ ಕಂಡಿತ್ತು. ಹುಟ್ಟಿದ ಹನ್ನೊಂದನೆಯ ದಿನದಿಂದ ಅರಿಶಿನ ನೋಡಿಕೊಂಡು ಬಂದವನು ನಾನು. ಸುಳ್ಳು ಹೇಳಲಾರೆ, ನಾನೂ ಅದನ್ನು ದಾಟಿ ಹಾರಿದೆ.

ಬಲಗಡೆಯ ಬೀದಿ ಮುಂದೆ ದಾರಿಯಿಲ್ಲದ ಬೀದಿ. ಅದರ ತುದಿಯ ಮನೆಯ ಮುಂದೆ ವಯಸ್ಸಾದ ಬಿಳಿಯರೊಬ್ಬರು ಸಲಿಕೆ ಹಿಡಿದು ಹಿಮ ತೋಡುತ್ತಿದ್ದರು. ತಮ್ಮ ಅಂಗಳದತ್ತ ನಲವತ್ತು ಐವತ್ತು ಜನ ಬಾಯಿಂದ ಹೊಗೆ ಬಿಡುತ್ತ ನುಗ್ಗಿ ಬರುವುದನ್ನು ನೋಡಿ ಸಲಿಕೆಯನ್ನು ಎದೆಗೆ ಅಡ್ಡ ಹಿಡಿದರು. ನಾವು ನಿಂತೆವು. ಅವರೂ ನಿಂತೇ ಇದ್ದರು. ಯಾರೋ ವಿಷಯ ತಿಳಿಸಿದ ಮೇಲೆ, ಇಷ್ಟು ಜನ ಬಂದಿದ್ದೀರಿ, ಬರಿಗೈಯಲ್ಲಿ ಬರುವ ಬದಲು ಒಂದೊಂದು ಸಲಿಕೆ ತರಬಾರದಿತ್ತೆ ಎಂದು ಕೇಳಿದರು.

ವಾಪಸು ಓಡಿದೆವು. ಆಮೇಲಿನ ದಾರಿಯನ್ನು ಫೋನಿನ ನಕ್ಷೆ ನೋಡಿ ನಾವೇ ಕಲ್ಪಿಸಿಕೊಂಡೆವು, ಚಳಿಗೆ ಫೋನುಗಳು ಒಂದೊಂದಾಗಿ ಕಣ್ಣು ಮುಚ್ಚುವವರೆಗೆ. ಒಂದು ಕಡೆ ನೀರಿನ ಮೇಜು ಸಿಕ್ಕಿತು. ಲೋಟಗಳ ಮೇಲೆ ಕೆನೆಯಂತೆ ಮಂಜು ಕಟ್ಟಿತ್ತು. ಚೆಲ್ಲಿದ ನೀರು ಮೇಜಿನ ಸುತ್ತ ಗಾಜಿನ ಅಂಗಳವಾಗಿತ್ತು, ಅದರ ಮೇಲೆ ಯಾರೋ ಉಪ್ಪು ಎರಚಿದ್ದರು. ಉಪ್ಪಿಗೆ ಇಲ್ಲಿ ಬರವಿಲ್ಲ. ಡೆಟ್ರಾಯಿಟ್ ನಗರದ ಕೆಳಗೇ ಸುಮಾರು 350 ಮೀಟರ್ ಆಳದಲ್ಲಿ ಉಪ್ಪಿನ ಗಣಿ ಇದೆ, ರಸ್ತೆಗೆ ಹಾಕುವ ಉಪ್ಪು ಅಲ್ಲಿಂದ ಬರುತ್ತದೆ. ಆದರೆ ಚಳಿ ಸೊನ್ನೆಯಿಂದ ಒಂಬತ್ತು ಹತ್ತು ಡಿಗ್ರಿ ಕೆಳಗಿಳಿದರೆ ಬರೀ ಉಪ್ಪಿನ ಆಟ ಹೆಚ್ಚು ನಡೆಯುವುದಿಲ್ಲ, ಮರಳು ಹಾಕಬೇಕು. ನಾನು ಜಾರಿ ಕವುಚಿ ಬಿದ್ದೆ, ಬಾಯಿಗೆ ಒಂದಿಷ್ಟು ಹೋಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರೆ. ಲೋಟ ಬೋರಲು ಹಾಕಿ ನೋಡಿದೆ, ನೀರು ಬೀಳಲಿಲ್ಲ.

ಕೊನೆಯ ಎರಡು ಕಿಲೋಮೀಟರು ನಾನು ಓಡಿದ್ದು ಸಿಟ್ಟಿನ ಬಲದಿಂದ. ರಾಯರಿಗೆ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಬಂದೆ. ಅಳತೆ, ಬಾಣ, ಅಣ್ಣನ ಮಗ, ನೀರು, ಪಿನ್ನು. ಭಾಷಣ ಚೆನ್ನಾಗಿ ಹದಗೊಂಡಿತ್ತು. ಗೆರೆ ದಾಟಿದವನೇ ಅವರ ಎದುರು ನಿಂತು ಬಾಯಿ ತೆರೆದೆ. ತೆರೆದ ಬಾಯಿಗೆ ರಾಯರು ಒಂದು ಹಿಡಿ ಎಳ್ಳು ಬೆಲ್ಲ ಹಾಕಿದರು.

"ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ!"

ಕೊಬ್ಬರಿ ಚೂರು ಹಲ್ಲಿಗೆ ಕಲ್ಲಿನಂತೆ ಸಿಕ್ಕಿತು. ಅಗಿದು ಮುಗಿಸುವಷ್ಟರಲ್ಲಿ ಅವರು ಮುಂದಿನವನ ಬಾಯಿ ಮುಚ್ಚಿಸಲು ಹೋಗಿದ್ದರು. ಪದಕಗಳು ಹಡಗಿನಲ್ಲೋ ಗೋದಾಮಿನಲ್ಲೋ ಉಳಿದಿದ್ದವು. ಬದಲಿಗೆ ಎಲ್ಲರ ಕೈಗೂ ಒಂದೊಂದು ಸಕ್ಕರೆ ಅಚ್ಚು. ಮೊದಲು ಬಂದವರಿಗೆ ಆನೆ, ಹುಂಜ, ತುಳಸಿಕಟ್ಟೆ. ನನ್ನ ಪಾಲಿಗೆ ಕೊಕ್ಕು ಮುರಿದ ಗಿಳಿ.

ಕಾರಿನಲ್ಲಿ ಹೀಟರ್ ಹಾಕಿಕೊಂಡು ಕೂತು (ಅಣ್ಣನ ಮಗನನ್ನು ಬೈಯುವ ಹಕ್ಕು ಅಲ್ಲಿಗೆ ಹೋಯಿತು) ಗಿಳಿಯ ರೆಕ್ಕೆ ಚೀಪುತ್ತ ನೋಡಿದೆ. ಜನ ಕರಗುತ್ತಿದ್ದರು. ರಾಯರೊಬ್ಬರೇ ಹಿಮದಲ್ಲಿ ಹೂತು ಹೋದ ಕಿತ್ತಲೆ ಬಣ್ಣದ ಕೋನುಗಳನ್ನು ಒದ್ದು ಒದ್ದು ಕೀಳುತ್ತಿದ್ದರು. ನಾನು ಈ ದೇಶಕ್ಕೆ ಬಂದಿಳಿದ ಫೆಬ್ರವರಿಯ ರಾತ್ರಿ ನೆನಪಾಯಿತು. ಕರೆದುಕೊಂಡು ಹೋಗಲು ಬರುತ್ತೇನೆಂದಿದ್ದ ರಾಯರು ಬೇರೆ ಟರ್ಮಿನಲ್ಲಿಗೆ ಹೋಗಿ, ಒಂದೂವರೆ ಗಂಟೆ ತಡವಾಗಿ ಬಂದಿದ್ದರು. ಅರ್ಧ ತೋಳಿನ ಅಂಗಿಯಲ್ಲಿ ನಡುಗುತ್ತಿದ್ದವನಿಗೆ ಮಾತಿಗೆ ಮುಂಚೆ ಒಂದು ಕೋಟು ತೊಡಿಸಿದರು. ನನ್ನ ಅಳತೆಗಿಂತ ಎರಡು ಸೈಜು ದೊಡ್ಡದು. ಜೇಬಿನಲ್ಲಿ ಒಂದೇ ಒಂದು ಕೈಗವಸು ಇತ್ತು, ಎಡಗೈಯದು. ಬಲಗೈಯದು ಎಲ್ಲಿ ಎಂದು ನಾನು ಕೇಳಲಿಲ್ಲ. ಆ ಕೋಟನ್ನು ಏಳು ಚಳಿಗಾಲ ಹಾಕಿದೆ.

ರಾಯರು ಪಟ್ಟಿ ತೆಗೆದು ಬೆರಳಿಟ್ಟು ಎಣಿಸಿದರು. ಮತ್ತೆ ಎಣಿಸಿದರು. ಆಮೇಲೆ ಕೋನುಗಳನ್ನು ಅಲ್ಲೇ ಬಿಟ್ಟು ಓಟದ ದಾರಿಯಲ್ಲಿ ಹಿಂದಕ್ಕೆ ನಡೆಯತೊಡಗಿದರು. 47ನೇ ನಂಬರು ಬಂದಿರಲಿಲ್ಲ.

ಇಪ್ಪತ್ತು ನಿಮಿಷ ಕಳೆದು ಇಬ್ಬರು ತಿರುವಿನಲ್ಲಿ ಕಾಣಿಸಿಕೊಂಡರು. ಹಾಸನದಿಂದ ಮಗಳ ಬಾಣಂತನಕ್ಕೆ ಬಂದಿದ್ದ ಅಜ್ಜಿ. ಸೀರೆ, ಒಳಗೆ ಅಳಿಯನ ಪೈಜಾಮ, ಮೇಲೆ ಅಳಿಯನದೇ ಜಾಕೆಟ್, ಮಂಡಿವರೆಗೆ ಹಿಮದ ಬೂಟು. ಅಜ್ಜಿ ಮಾತಾಡುತ್ತಿದ್ದರು, ರಾಯರು ಕೈ ಹಿಡಿದುಕೊಂಡು ಕೇಳುತ್ತಿದ್ದರು. ನಾನು ಇಳಿದು ಹೋದೆ.

"ಅಜ್ಜಿ, ದಾರಿ ತಪ್ಪಲಿಲ್ವಾ?"

"ಯಾಕಪ್ಪ ತಪ್ಪತ್ತೆ? ಅರಿಶಿನ ಹಾಕಿದ್ರಲ್ಲ, ನೋಡ್ಕೊಂಡು ಬಂದೆ. ಇನ್ಯಾರೂ ಕಾಣ್ಲೇ ಇಲ್ಲ. ಪಾಪ, ಚಳಿಗೆ ಮನೆಗೆ ಹೋದ್ರೇನೋ ಅಂದ್ಕೊಂಡೆ."

ರಾಯರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿದ್ದ ಫಲಿತಾಂಶವನ್ನು ಅವರು ತೆಗೆದು, ಅಷ್ಟೂ ಹೆಸರು ಹೊಡೆದು ಹಾಕಿ, ಮೇಲೆ 47 ಎಂದು ಬರೆದರು. ಅರವತ್ತೊಂದು ಜನರಲ್ಲಿ ಗೊತ್ತುಪಡಿಸಿದ ದಾರಿಯಲ್ಲಿ ಬಂದವರು ಒಬ್ಬರೇ. ನಿಯಮ ನಿಯಮವೇ ಎಂದರು, ತಮ್ಮ ಜೀವಮಾನದಲ್ಲಿ ಮೊದಲ ಸಲ.

ಪದಕಗಳು ಜೂನಿನಲ್ಲಿ ಬಂದವು. ರಾಯರು ಒಬ್ಬೊಬ್ಬರ ಮನೆಗೂ ಕಾರಿನಲ್ಲಿ ಹೋಗಿ ಕೊಟ್ಟು ಬಂದರು. ನನ್ನ ಮನೆಗೆ ಬಂದಾಗ ಕೈಯಲ್ಲಿ ಎರಡಿದ್ದವು.

"ಆಗಸ್ಟ್‌ನಲ್ಲಿ ಊರಿಗೆ ಹೋಗ್ತಿದೀರಂತಲ್ಲ? ಅಜ್ಜಿ ವಾಪಸ್ ಹೋಗಿಬಿಟ್ಟಿದಾರೆ. ಬೆಂಗಳೂರಿಂದ ಹಾಸನ ಏನು ಮಹಾ, ನಾಲ್ಕು ಗಂಟೆ. ಕೊಟ್ಟು ಬಂದುಬಿಡಿ."

ನನಗಿರುವುದು ಹತ್ತು ದಿನದ ರಜ. ಅದರಲ್ಲಿ ತಂಗಿಯ ಮಗಳ ಮದುವೆ, ಒಂದು ಗೃಹಪ್ರವೇಶ, ಬ್ಯಾಂಕಿನ ಕೆಲಸ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಬೇಡ ಎಂದು ಕಣ್ಣಿನಲ್ಲೇ ಹೇಳುತ್ತಿದ್ದಳು. ಕೊಡಿ ಎಂದೆ.

ನಿನ್ನೆ ರಾತ್ರಿ ಪೆಟ್ಟಿಗೆ ತೂಗಿ ನೋಡಿದೆವು. 23 ಕಿಲೋ ದಾಟಿತ್ತು. ಪದಕ ಒಳಗೇ ಇದೆ, ಟವೆಲ್ಲಿನಲ್ಲಿ ಸುತ್ತಿಟ್ಟಿದ್ದೇನೆ. ನನ್ನ ಓಟದ ಬೂಟು ತೆಗೆದು ಹೊರಗಿಟ್ಟೆ.